ಎಲ್‌ಅಪ್ಲೈನಿಂದ ಮಾಡಿದ ಡೇಟಾದಲ್ಲಿ ಸೆಟ್‌ನಿಂದ ಸೆಟ್‌ಗೆ ಮಾನಕ ವಿಚಲನೆ ಏರುತ್ತಾ ಹೋಗುತ್ತಿದೆ

ಪ್ರಶ್ನೆ:
ನಮಸ್ಕಾರ. ಆರ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಿಮ್ಯುಲೇಶನ್‌ಗೆಂದು 500 ಡೇಟಾ ಸೆಟ್ ಬೇಕು. ಪ್ರತಿಯೊಂದರಲ್ಲೂ 30 ಅಂಕಿ, ಸರಾಸರಿ 50, ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 1. ಫಾರ್ ಲೂಪ್ ಬಿಟ್ಟು ಫಂಕ್ಷನಲ್ ರೀತಿಯಲ್ಲಿ ಬರೆಯೋಣ ಅಂತ, ಪಟ್ಟಿಯ ಒಂದೊಂದು ಅಂಶಕ್ಕೂ ಫಂಕ್ಷನ್ ಓಡಿಸುವ ಎಲ್‌ಅಪ್ಲೈಗೆ, ಯಾದೃಚ್ಛಿಕ ಅಂಕಿ ತೆಗೆಯುವ ಆರ್‌ನಾರ್ಮ್ ಕೊಟ್ಟು ಹೀಗೆ ಮಾಡಿದೆ:

ಎಲ್‌ಅಪ್ಲೈ(1:500, ಆರ್‌ನಾರ್ಮ್, ಎನ್ = 30, ಮೀನ್ = 50)

ವಿಚಲನೆ ಹೇಳದಿದ್ದರೆ ತಾನಾಗಿ 1 ಆಗುತ್ತದಲ್ಲ, ಅದಕ್ಕೆ ಬರೆಯಲಿಲ್ಲ. ಎರರ್ ಏನೂ ಇಲ್ಲ. ಮೊದಲ ಸೆಟ್‌ನಲ್ಲಿ 49.3, 50.8, 51.1 ಎಂದು ಚೆನ್ನಾಗಿಯೇ ಇದೆ. ಕೊನೆಯ ಸೆಟ್‌ನಲ್ಲಿ ಮೈನಸ್ 612, 430 ಅಂತೆಲ್ಲ ಬರುತ್ತಿದೆ. ಎರಡು ದಿನದಿಂದ ಹುಡುಕುತ್ತಿದ್ದೇನೆ. ತಪ್ಪು ಎಲ್ಲಿ?

ಉತ್ತರ:
ಎಲ್ಲ ಸೆಟ್‌ಗಳ ವಿಚಲನೆಯನ್ನು ಒಮ್ಮೆ ಪ್ಲಾಟ್ ಮಾಡಿ ನೋಡಿ. ಎರಡನೆಯದರಲ್ಲಿ ಸುಮಾರು 2, ನೂರನೆಯದರಲ್ಲಿ ಸುಮಾರು 100, ಹೀಗೆ ಏರುತ್ತಾ ಹೋಗಿರುತ್ತದೆ. 1ರಿಂದ 500ರವರೆಗಿನ ಸಂಖ್ಯೆಗಳನ್ನು ನೀವು ಬರೀ ಎಣಿಕೆಗೆ ಇಟ್ಟಿದ್ದೀರಿ, ಆದರೆ ಎಲ್‌ಅಪ್ಲೈ ಒಂದೊಂದನ್ನೂ ಆರ್‌ನಾರ್ಮ್‌ಗೆ ಹೆಸರಿಲ್ಲದ ಆರ್ಗ್ಯುಮೆಂಟ್ ಆಗಿ ಕೊಡುತ್ತದೆ. ಆರ್‌ನಾರ್ಮ್‌ಗೆ ಇರುವುದು ಮೂರು ಜಾಗ: ಎನ್ (ಎಷ್ಟು ಅಂಕಿ), ಮೀನ್ (ಸರಾಸರಿ), ಎಸ್‌ಡಿ (ಮಾನಕ ವಿಚಲನೆ). ಮೊದಲೆರಡನ್ನು ನೀವೇ ಹೆಸರು ಹಿಡಿದು ತುಂಬಿದ್ದೀರಿ. ಖಾಲಿ ಉಳಿದದ್ದು ಎಸ್‌ಡಿ, ಸಂಖ್ಯೆ ಹೋಗಿ ಅಲ್ಲಿ ಕೂತಿದೆ. ಮೀನ್ ಕೂಡ ಬರೆಯದೆ ಬಿಟ್ಟಿದ್ದರೆ ಸರಾಸರಿಯೇ ಏರುತ್ತಿತ್ತು. ಎರರ್ ಬರದೆ ತಪ್ಪು ಡೇಟಾ ಬರುವುದರಿಂದಲೇ ನನಗೆ ಈ ರೀತಿ ಬರೆಯುವುದು ಇಷ್ಟವಿಲ್ಲ.

ಸಂಖ್ಯೆಯನ್ನು ಒಂದು ಹೆಸರಲ್ಲಿ ಹಿಡಿದು, ಬಳಸದೆ ಬಿಡಿ:

ಎಲ್‌ಅಪ್ಲೈ(1:500, ಫಂಕ್ಷನ್(ಐ) ಆರ್‌ನಾರ್ಮ್(ಎನ್ = 30, ಮೀನ್ = 50, ಎಸ್‌ಡಿ = 1))

ರೆಪ್ಲಿಕೇಟ್ ಬಳಸಿದರೂ ಸರಿ, ಅದು ಪ್ರತಿ ಸಲ ಹೊಸದಾಗಿ ಅಂಕಿ ತೆಗೆಯುತ್ತದೆ. ರೆಪ್ ಮಾತ್ರ ಬೇಡ. ಅದು ಒಂದೇ ಸಲ ತೆಗೆದು ಅದನ್ನೇ 500 ಸಲ ನಕಲು ಮಾಡುತ್ತದೆ.

ಮರುಪ್ರಶ್ನೆ:
ಸರ್, ಏರಿಕೆ ನಿಂತಿತು, ತುಂಬಾ ಧನ್ಯವಾದ. ಆದರೆ ಈಗ 500 ಸೆಟ್‌ಗಳ ಸರಾಸರಿಯೂ 50.07, ಚೂರೂ ವ್ಯತ್ಯಾಸವಿಲ್ಲ! ಮುಂದೆ ಓಡಿಸಿದಾಗಲೂ ಇದೇ ಫಲಿತಾಂಶ ಸಿಗಲಿ ಅಂತ ಫಂಕ್ಷನ್ ಒಳಗೆ, ಯಾದೃಚ್ಛಿಕ ಸಂಖ್ಯೆಗಳ ಆರಂಭವನ್ನು ನಿಗದಿ ಮಾಡುವ ಸೆಟ್.ಸೀಡ್(42) ಸೇರಿಸಿದ್ದೆ.

ಉತ್ತರ:
ಆ ಸಾಲು ಪ್ರತಿ ಸುತ್ತಿನಲ್ಲೂ ಓಡುತ್ತಿದೆ, ಹಾಗಾಗಿ ಯಾದೃಚ್ಛಿಕ ಸಂಖ್ಯೆಗಳ ಸರಣಿ ಪ್ರತಿ ಸಲ ಮೊದಲಿಂದ ಶುರುವಾಗುತ್ತದೆ. ಎಲ್‌ಅಪ್ಲೈ ಸಾಲಿಗಿಂತ ಮೇಲೆ, ಒಂದೇ ಸಲ ಬರೆಯಿರಿ. ಆಮೇಲೆ 500 ಸರಾಸರಿಗಳ ಮಾನಕ ವಿಚಲನೆ ತೆಗೆಯಿರಿ. ಸೆಟ್‌ನ ವಿಚಲನೆ 1ನ್ನು ಅಂಕಿಗಳ ಎಣಿಕೆ 30ರ ವರ್ಗಮೂಲದಿಂದ ಭಾಗಿಸಿದರೆ 0.183, ಅದರ ಆಸುಪಾಸಿನಲ್ಲೇ ಬರಬೇಕು.

ಪ್ರಶ್ನೆ ಕೇಳಿದವರು:
0.18ರ ಹತ್ತಿರವೇ ಬಂತು ಸರ್. ಹಳೆಯ ಎರಡು ಸ್ಕ್ರಿಪ್ಟ್‌ಗಳಲ್ಲೂ ಸೀಡ್ ಫಂಕ್ಷನ್ ಒಳಗೇ ಇದೆ, ಅವನ್ನೂ ತಿದ್ದಿ ಮತ್ತೆ ಓಡಿಸುತ್ತಿದ್ದೇನೆ.