ಗ್ರೀಕ್ ನಾಟಕದ ಕೋರಸ್: ಮೇಳವೋ, ಹಿಮ್ಮೇಳವೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯದಲ್ಲಿ ನಿಮ್ಮ ನೆರವು ಬೇಕು.

ಗೆಳೆಯರ ನಾಟಕ ತಂಡವೊಂದು ಹಳೆಯ ಗ್ರೀಕ್ ನಾಟಕಕಾರ ಯೂರಿಪಿಡೀಸನ ‘ಟ್ರೋಜನ್ ವಿಮೆನ್’ (ಟ್ರಾಯ್ ಪಟ್ಟಣ ಬಿದ್ದ ಮೇಲೆ ಸೆರೆಯಾದ ಹೆಂಗಸರ ಕಥೆ) ಅನ್ನು ಕನ್ನಡದಲ್ಲಿ ಓದಿಸಲು ಹೊರಟಿದೆ. ಬಂದವರಿಗೆ ಹಂಚುವ ನಾಲ್ಕು ಪುಟದ ಟಿಪ್ಪಣಿಯನ್ನು ನಾನು ಬರೆಯುತ್ತಿದ್ದೇನೆ. ಹಳೆಯ ಗ್ರೀಕ್ ದುರಂತ ನಾಟಕಗಳನ್ನು ನಮ್ಮ ಕಾಲದವರು ಬೇರೆ ಬೇರೆ ದೇಶಗಳಲ್ಲಿ ಹೇಗೆಲ್ಲ ಆಡಿದ್ದಾರೆ ಅನ್ನುವುದೇ ಅದರ ವಿಷಯ. ಬರವಣಿಗೆ ಸಲೀಸಾಗಿ ಸಾಗುತ್ತಿತ್ತು, ‘ಕೋರಸ್’ (ಆ ನಾಟಕಗಳಲ್ಲಿ ಒಟ್ಟಾಗಿ ಹಾಡಿ ಕುಣಿಯುವ ಗುಂಪು) ಬರುವ ತನಕ. ಮೊದಲ ಕರಡಿನಲ್ಲಿ ಸುಮ್ನೆ ‘ಹಿಮ್ಮೇಳ’ ಅಂತ ಹಾಕಿದ್ದೆ. ಓದಿದ ಮೂವರಲ್ಲಿ ಇಬ್ಬರು, ‘ಹಾಡುವವರು ಎಲ್ಲಿ ಕೂರುತ್ತಾರೆ?’ ಅಂತ ಕೇಳಿದರು. ಪದ ದಾರಿ ತಪ್ಪಿಸುತ್ತಿದೆ ಅಂತ ಆಗ ಗೊತ್ತಾಯಿತು.

ಹಿಮ್ಮೇಳ ಅಂದರೆ ಹಿಂದಿನ ಮೇಳ. ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾಗವತರು, ಮದ್ದಳೆ, ಚೆಂಡೆ ಸೇರಿದರೆ ಹಿಮ್ಮೇಳ. ವೇಷ ಕಟ್ಟಿ ಕುಣಿದು ಮಾತಾಡುವವರು ಮುಮ್ಮೇಳ. ಗ್ರೀಕರ ಕೋರಸ್ ಇದ್ದದ್ದು ಹಿಂದೆ ಅಲ್ಲ, ಮುಂದೆ. ನಟರಿಗೂ ಪ್ರೇಕ್ಷಕರಿಗೂ ನಡುವಿನ ಅಂಗಳದಲ್ಲಿ ಅವರು ವೇಷ, ಮುಖವಾಡ ಹಾಕಿಕೊಂಡು ಹಾಡುತ್ತಾ ಕುಣಿಯುತ್ತಿದ್ದರು. ಮೊದಲು 12 ಜನ, ನಾಟಕಕಾರ ಸೊಫೋಕ್ಲಿಸನ ಕಾಲಕ್ಕೆ 15 ಜನ. ಆ ಅಂಗಳದ ಹೆಸರು ಆರ್ಕೆಸ್ಟ್ರಾ, ಅಂದರೆ ಕುಣಿಯುವ ಜಾಗ. (ಅದೇ ಪದ ಇವತ್ತು ನಮ್ಮಲ್ಲಿ ಗಣೇಶನ ಹಬ್ಬದ ಹಾಡಿನ ತಂಡಕ್ಕೆ ಬಂದು ನಿಂತಿದೆ. ಪದಗಳು ಎಷ್ಟು ದೂರ ನಡೆಯುತ್ತವೆ ನೋಡಿ.) ಗ್ರೀಕಿನ ‘ಖೊರೊಸ್’ ಅನ್ನುವ ಪದಕ್ಕೂ ಕುಣಿತ ಅಂತಲೇ ಅರ್ಥ, ಕುಣಿಯುವ ಗುಂಪು ಅಂತಲೂ ಅರ್ಥ. ನಾವು ಕೋರಸ್ ಅಂದರೆ ಒಟ್ಟಾಗಿ ಹಾಡುವುದು ಅಂದುಕೊಂಡಿದ್ದೇವೆ. ಸಿನಿಮಾ ಹಾಡಿನಲ್ಲಿ ಗಾಯಕರ ಹಿಂದೆ ದನಿಗೂಡಿಸುವವರೂ ‘ಕೋರಸ್‌ನವರೇ’. ಹಾಗಾಗಿ ಹಿಮ್ಮೇಳ ಅನ್ನುವುದು ನಮಗೆ ಕೂಡಲೇ ಸರಿ ಅನಿಸಿಬಿಡುತ್ತದೆ.

ಇನ್ನೊಂದು ತೊಡಕೂ ಇದೆ. ಆಡುಮಾತಿನಲ್ಲಿ ‘ಅವನ ಮಾತಿಗೆ ಇವನ ಹಿಮ್ಮೇಳ’ ಅಂದರೆ ಹೌದಪ್ಪ ಅನ್ನುವವನು ಅಂತ. ಗ್ರೀಕ್ ಕೋರಸ್ ಹಾಗಲ್ಲ. ಸೊಫೋಕ್ಲಿಸನ ‘ಅಂತಿಗೊನೆ’ ದೊರೆಯ ಅಪ್ಪಣೆ ಮೀರಿ ಒಡಹುಟ್ಟಿದವನ ಹೆಣಕ್ಕೆ ಮಣ್ಣು ಕೊಟ್ಟ ಹುಡುಗಿಯ ಕಥೆ. ಅಲ್ಲಿ ಕೋರಸ್ ಆಗಿರುವ ಥೀಬ್ಸ್ ಪಟ್ಟಣದ ಹಿರಿಯರು ಮೊದಲೆಲ್ಲ ದೊರೆ ಕ್ರಿಯಾನನಿಗೆ ಹೆದರಿಕೊಂಡೇ ಇರುತ್ತಾರೆ. ಕೊನೆಗೆ, ‘ಹೋಗು, ಆ ಹುಡುಗಿಯನ್ನು ಕಲ್ಲಿನ ಗವಿಯಿಂದ ಬಿಡಿಸು’ ಅಂತ ಹೇಳುವವರೂ ಅವರೇ. ದೊರೆ ಆ ಮಾತು ಕೇಳುತ್ತಾನೆ, ಆದರೆ ಹೊತ್ತು ಮೀರಿರುತ್ತದೆ. ಯೂರಿಪಿಡೀಸನ ‘ಮೀಡಿಯಾ’ದಲ್ಲಿ ಕೋರಸ್ ಆಗಿರುವ ಕಾರಿಂತಿನ ಹೆಂಗಸರು, ಗಂಡನ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟ ಮೀಡಿಯಾಳಿಗೆ ಗುಟ್ಟು ಕಾಯುತ್ತೇವೆ ಅಂತ ಮಾತು ಕೊಡುತ್ತಾರೆ. ಆಮೇಲೆ ಅವಳು ತನ್ನ ಮಕ್ಕಳನ್ನೇ ಕೊಲ್ಲುವುದರಲ್ಲಿ ಆ ಮೌನಕ್ಕೂ ಪಾಲಿದೆ. ಈಸ್ಕಿಲಸನ ‘ಯುಮೆನಿಡಿಸ್’ನಲ್ಲಂತೂ ಕೊಲೆಗೆ ಸೇಡು ಕೇಳುವ ದೇವತೆಗಳ ಕೋರಸ್ಸೇ ಕಟಕಟೆಯಲ್ಲಿ ನಿಂತು ವಾದ ಮಾಡುತ್ತದೆ. ಇವರನ್ನು ಹಿಮ್ಮೇಳ ಅಂತ ಕರೆಯಲು ನನಗೆ ಮನಸ್ಸು ಬರುತ್ತಿಲ್ಲ.

ನಮ್ಮ ಕಾಲದ ಪ್ರಯೋಗಗಳಿಗೆ ಬಂದರೆ ಪೇಚು ಇನ್ನೂ ಜಾಸ್ತಿ. ಈಗಿನವರು ಹಳೆಯ ನಾಟಕಕ್ಕೆ ಕೈಹಾಕಿದಾಗ ಮೊದಲು ಬದಲಾಯಿಸುವುದು ಕೋರಸ್ಸನ್ನೇ. ಜರ್ಮನರ ಹಿಡಿತದಲ್ಲಿದ್ದ ಪ್ಯಾರಿಸ್‌ನಲ್ಲಿ, 1944ರಲ್ಲಿ, ಫ್ರೆಂಚ್ ನಾಟಕಕಾರ ಜಾನ್ ಆನುಯಿ ಹೊಸದಾಗಿ ಬರೆದ ‘ಅಂತಿಗೊನೆ’ ರಂಗಕ್ಕೆ ಬಂತು. ಅದರಲ್ಲಿ ಹಿರಿಯರ ಗುಂಪೇ ಇಲ್ಲ. ಶುರುವಿನಲ್ಲಿ ಒಬ್ಬ ಬಂದು ಪಾತ್ರಗಳನ್ನೆಲ್ಲ ಪರಿಚಯ ಮಾಡಿಕೊಡುತ್ತಾನೆ, ಯಾರು ಸಾಯಬೇಕು ಅಂತಲೂ ಆಗಲೇ ಹೇಳಿಬಿಡುತ್ತಾನೆ. ಮುಂದೆ ಕೋರಸ್ ಅನ್ನುವ ಹೆಸರಿನಲ್ಲಿ ಮಾತಾಡುವವನೂ ಒಬ್ಬನೇ. ಇಲ್ಲಿ ನನಗೆ ನೆನಪಾದದ್ದು ಹಿಮ್ಮೇಳವೂ ಅಲ್ಲ, ಮೇಳವೂ ಅಲ್ಲ, ಭಾಗವತ. ಕಥೆ ಪೂರ್ತಿ ಗೊತ್ತಿದ್ದು ಅದನ್ನು ನಡೆಸಿಕೊಡುವವನು.

1973ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಅಥೋಲ್ ಫುಗಾರ್ಡ್, ಜಾನ್ ಕಾನಿ, ವಿನ್ಸ್ಟನ್ ನಟ್ಶೋನಾ ಸೇರಿ ಕಟ್ಟಿದ ‘ದಿ ಐಲೆಂಡ್’ ಇನ್ನೂ ಮುಂದೆ ಹೋಗುತ್ತದೆ. ಇರುವುದು ಇಬ್ಬರೇ ಕೈದಿಗಳು. ಜೈಲಿನ ಕಾರ್ಯಕ್ರಮಕ್ಕೆ ಅಂತ ಅವರು ‘ಅಂತಿಗೊನೆ’ಯ ವಿಚಾರಣೆಯ ಭಾಗವನ್ನು ಕಲಿಯುತ್ತಾರೆ. ಕೊನೆಯಲ್ಲಿ ಅದನ್ನು ಆಡಿ ತೋರಿಸುವಾಗ ಎದುರು ಕೂತ ನಾವೇ ಆ ಜೈಲಿನ ಪ್ರೇಕ್ಷಕರಾಗಿಬಿಡುತ್ತೇವೆ. ಕೋರಸ್ ಅಂತ ಯಾರೂ ಇಲ್ಲ, ಆದರೆ ನೋಡುತ್ತಾ ಸುಮ್ಮನಿದ್ದ ಊರಿನವರು ಇದ್ದಾರೆ. ಇದನ್ನು ಟಿಪ್ಪಣಿಯಲ್ಲಿ ಬರೆಯಲು ಎರಡು ದಿನ ಒದ್ದಾಡಿದೆ. ‘ಪ್ರೇಕ್ಷಕರೇ ಹಿಮ್ಮೇಳ’ ಅಂದರೆ ಅರ್ಥ ಕೆಡುತ್ತದೆ. ‘ಪ್ರೇಕ್ಷಕರೇ ಮೇಳ’ ಅಂದರೆ ಸ್ವಲ್ಪ ಹತ್ತಿರ ಬರುತ್ತದೆ, ಅಲ್ವಾ?

ಸೊಫೋಕ್ಲಿಸನ ಈಡಿಪಸ್ ಕಥೆಯನ್ನೇ ಎತ್ತಿಕೊಂಡ ಅಮೆರಿಕದ ‘ದಿ ಗಾಸ್ಪೆಲ್ ಅಟ್ ಕೊಲೋನಸ್’ (1983) ಮಾತ್ರ ಹಾಡಿನ ಕಡೆಗೇ ವಾಲಿತು. ಅಲ್ಲಿ ಕಪ್ಪು ಜನರ ಚರ್ಚಿನ ಪ್ರಾರ್ಥನೆಯೇ ನಾಟಕ, ಹಾಡುವ ಮಂಡಳಿಯೇ ಕೋರಸ್. ಫ್ರಾನ್ಸಿನ ನಿರ್ದೇಶಕಿ ಆರಿಯಾನ್ ಮ್ನೂಶ್ಕಿನ್ ತದ್ವಿರುದ್ಧ. 1990ರಿಂದ 1992ರವರೆಗೆ ಅವರ ತಂಡ ಹಳೆಯ ಗ್ರೀಕ್ ನಾಟಕಗಳಿಂದ ಕಟ್ಟಿದ ‘ಲೆಜಾತ್ರೀದ್’ ನಾಟಕಮಾಲೆಯಲ್ಲಿ ಕೋರಸ್ ಮತ್ತೆ ಕುಣಿಯಿತು. ಆ ಕುಣಿತ, ವೇಷಗಳ ಮೇಲೆ ನಮ್ಮ ಕಥಕ್ಕಳಿಯ ನೆರಳಿದೆ. 2013ರಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಸಿರಿಯಾದಿಂದ ಓಡಿಬಂದಿದ್ದ ಹೆಂಗಸರು ‘ಟ್ರೋಜನ್ ವಿಮೆನ್’ ಆಡಿದರು. ಅವರ ಸ್ವಂತ ಕಥೆಗಳನ್ನೂ ನಾಟಕದೊಳಗೆ ಸೇರಿಸಿಕೊಂಡಿದ್ದರು. ಅಲ್ಲಿ ರಾಣಿ ಯಾರು, ಕೋರಸ್ ಯಾರು ಅಂತ ಗೆರೆ ಎಳೆಯುವುದು ಕಷ್ಟ. ಮನೆ ಕಳೆದುಕೊಂಡವರು ಎಲ್ಲರೂ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಒಲವು ‘ಮೇಳ’ದ ಕಡೆಗಿದೆ. ಅದಕ್ಕೆ ಗ್ರೀಕರ ಮಾತಿನಲ್ಲೇ ಒಂದು ಆಧಾರ ಸಿಕ್ಕಿತು. ಅಥೆನ್ಸಿನಲ್ಲಿ ಕವಿಯ ನಾಟಕವನ್ನು ಸ್ಪರ್ಧೆಗೆ ಆರಿಸಿಕೊಂಡರೆ ಅಧಿಕಾರಿ ಅವನಿಗೆ ‘ಕೋರಸ್ ಕೊಟ್ಟ’ ಅನ್ನುತ್ತಿದ್ದರು. ಖರ್ಚು ಹೊರುವ ಹಣವಂತನಿಗೆ ‘ಖೊರೆಗೊಸ್’ ಅಂತ ಹೆಸರು. ನಮ್ಮಲ್ಲಿ ಮೇಳಕ್ಕೊಬ್ಬ ಯಜಮಾನ ಇದ್ದ ಹಾಗೇ. ‘ಕವಿಗೆ ಮೇಳ ಕೊಟ್ಟರು’, ‘ಮೇಳದ ಯಜಮಾನ’ ಅಂತ ಬರೆದರೆ ಕನ್ನಡದಲ್ಲಿ ಒಂಚೂರೂ ತೊಡರುವುದಿಲ್ಲ.

ಆದರೆ ಮೇಳಕ್ಕೂ ತನ್ನದೇ ತೊಂದರೆಗಳಿವೆ. ಕರಾವಳಿಯವರಿಗೆ ಮೇಳ ಅಂದರೆ ಇಡೀ ಯಕ್ಷಗಾನ ತಂಡ, ನಾಯಕನೂ ಸೇರಿ. ಬೆಂಗಳೂರಿನವರಿಗೆ ಕೃಷಿ ಮೇಳ, ಉದ್ಯೋಗ ಮೇಳ. ಸಂಗೀತದವರಿಗೆ 72 ಮೇಳಕರ್ತ ರಾಗಗಳು. ‘ಮೇಳ ಪ್ರವೇಶಿಸುತ್ತದೆ’ ಅಂತ ಓದಿದವರಿಗೆ ಏನು ಕಾಣಿಸಬಹುದು?

ಹಾಗಾಗಿ ಈಗ ಹೀಗೆ ಮಾಡಿದ್ದೇನೆ. ನಾಟಕದ ಬಗ್ಗೆ ಬರೆಯುವಾಗ ‘ಮೇಳ’. ನಾಟಕದ ಒಳಗೆ, ಮಾತಿನ ಮುಂದೆ ಹೆಸರು ಹಾಕುವಾಗ, ಅವರು ಯಾರೋ ಅದೇ ಹೆಸರು. ‘ಟ್ರೋಜನ್ ವಿಮೆನ್’ನಲ್ಲಿ ‘ಸೆರೆಯ ಹೆಂಗಸರು’. ‘ಅಂತಿಗೊನೆ’ಯಾದರೆ ‘ಹತ್ತು ಸಮಸ್ತರು’ ಅಂತಲೇ ಹಾಕಬಹುದು. ಊರಿನ ತೀರ್ಮಾನಕ್ಕೆ ಸೇರುವವರು, ದೊಡ್ಡವರ ಮುಂದೆ ಹಿಂಜರಿಯುವವರು, ಎಲ್ಲ ಆ ಮಾತಿನಲ್ಲಿ ಬಂತು. ಕಥೆಯನ್ನೇ ನಮ್ಮ ನೆಲಕ್ಕೆ ತಂದಾಗಲಂತೂ ಇದು ತಪ್ಪುವುದಿಲ್ಲ. ಬಿ.ಎಂ.ಶ್ರೀ ಅವರು ಸೊಫೋಕ್ಲಿಸನ ‘ಏಜಾಕ್ಸ್’ ಅನ್ನು ಮಹಾಭಾರತಕ್ಕೆ ತಂದು ‘ಅಶ್ವತ್ಥಾಮನ್’ ಮಾಡಿದರು. ಮೂಲದ ಕೋರಸ್ ಸಲಾಮಿಸ್ ದ್ವೀಪದ ಹಡಗಿನ ಆಳುಗಳು. ಕುರುಕ್ಷೇತ್ರದಲ್ಲಿ ಹಡಗು ಎಲ್ಲಿಂದ ಬರಬೇಕು?

ಉಳಿದಿರುವುದು ಒಂದೇ ಗಂಟು. ಕೋರಸ್ಸಿನ ಪರವಾಗಿ ನಟರ ಜೊತೆ ಮಾತಾಡುವವನನ್ನು ಗ್ರೀಕರು ‘ಕೊರಿಫಾಯೊಸ್’ ಅನ್ನುತ್ತಿದ್ದರು. ಗುಂಪಿನಲ್ಲಿ ತಾನೂ ಒಬ್ಬ, ಆದರೆ ಮುಂದೆ ನಿಂತವನು. ‘ಭಾಗವತ’ ಅಂದರೆ ಅವನು ಗುಂಪಿನಿಂದ ಹೊರಗಿನವನಾಗುತ್ತಾನೆ. ‘ಮೇಳನಾಯಕ’ ಅಂದರೆ ಪುಸ್ತಕದ ಮಾತಾಯಿತು, ಯಾರ ಬಾಯಲ್ಲೂ ಇಲ್ಲ. ಕೋಲಾಟ, ಸುಗ್ಗಿ ಕುಣಿತ, ಡೊಳ್ಳು ಇವುಗಳಲ್ಲಿ ಎಲ್ಲರ ಜೊತೆಗೇ ಕುಣಿಯುತ್ತಾ, ಮೊದಲ ಸೊಲ್ಲು ಎತ್ತಿ, ಹೆಜ್ಜೆ ತಿರುಗಿಸುವವರು ಒಬ್ಬರು ಇರುತ್ತಾರಲ್ಲ, ಅವರನ್ನು ನಿಮ್ಮ ಕಡೆ ಏನಂತ ಕರೆಯುತ್ತಾರೆ? ಊರಿನ ಹೆಸರು ಸೇರಿಸಿ ತಿಳಿಸಿದರೆ ಉಪಕಾರವಾಗುತ್ತದೆ.