ಹಳೇ ಎಂಎಕ್ಸ್-5 ತಗೊಳ್ಳಬಹುದಾ? ಗ್ಯಾರೇಜ್ ಇಲ್ಲ, ವೇಲ್ಸ್ ಸುತ್ತುವ ಆಸೆ ಇದೆ

ಮೈಸೂರಿನವ (ಮಿಲ್ಟನ್ ಕೀನ್ಸ್):

ಎಲ್ಲರಿಗೂ ನಮಸ್ಕಾರ. ಒಂದು ಮಾಜ್ದಾ ಎಂಎಕ್ಸ್-5 ಕಣ್ಣಿಗೆ ಬಿದ್ದಿದೆ, ಚಾವಣಿ ಮಡಚಿ ಇಳಿಸುವ ಎರಡು ಸೀಟಿನ ಕಾರು. 2003ರ ಗಾಡಿ, 1.8 ಎಂಜಿನ್, ಕಡು ನೀಲಿ ಬಣ್ಣ, 78 ಸಾವಿರ ಮೈಲಿ ಓಡಿದೆ. 2,600 ಪೌಂಡ್ ಹೇಳುತ್ತಿದ್ದಾರೆ. ಫೋಟೋದಲ್ಲಂತೂ ಪಳಪಳ ಅನ್ನುತ್ತಿದೆ.

ನನಗೆ ಗ್ಯಾರೇಜ್ ಇಲ್ಲ, ಮನೆ ಮುಂದೆ ರಸ್ತೆಯಲ್ಲೇ ನಿಲ್ಲಿಸಬೇಕು. ಕೆಲಸಕ್ಕೆ ಹೋಗಲು ಬೇರೆ ಕಾರಿದೆ. ಇದು ಭಾನುವಾರಕ್ಕೆ, ಮತ್ತೆ ಬೇಸಿಗೆಯಲ್ಲಿ ಹೆಂಡತಿ ಜೊತೆ ವೇಲ್ಸ್ ಕಡೆ ಒಂದು ವಾರ ಸುತ್ತುವುದಕ್ಕೆ. "ಈ ಮಳೆ ಊರಲ್ಲಿ ಚಾವಣಿ ಇಲ್ಲದ ಕಾರು ಯಾರಾದ್ರೂ ತಗೋತಾರಾ?" ಅಂತ ಅವಳು ನಗುತ್ತಿದ್ದಾಳೆ. ಅವಳ ಮಾತಲ್ಲೂ ಅರ್ಥ ಇದೆ ಅನ್ನಿ.

ಕೇಳಬೇಕಾಗಿದ್ದು ಇಷ್ಟು. ತುಕ್ಕು ಎಲ್ಲಿ ನೋಡಬೇಕು? ಹುಡ್, ಅಂದರೆ ಮಡಚುವ ಬಟ್ಟೆ ಚಾವಣಿ, ಸೋರುತ್ತದಾ? ಇಬ್ಬರ ಲಗೇಜ್ ಹಿಡಿಸುತ್ತದಾ? ಲಂಡನ್‌ನ ಹ್ಯಾರೋದಲ್ಲಿ ನಮ್ಮ ಅಕ್ಕ ಇದ್ದಾಳೆ, ಅಲ್ಲಿಗೆ ಹೋದಾಗೆಲ್ಲ ಯೂಲೆಜ್ (ಹೆಚ್ಚು ಹೊಗೆ ಉಗುಳುವ ಗಾಡಿಗೆ ಲಂಡನ್‌ನಲ್ಲಿ ಹಾಕುವ ಶುಲ್ಕ) ದುಡ್ಡು ಕಟ್ಟಬೇಕಾ?

ಕುಡ್ಲದವ (ಸ್ವಿಂಡನ್):

ಲೋಟಸ್ ಎಲೀಸ್ ತಗೊಳ್ಳಿ ಮಾರಾಯ್ರೆ. 1996ರಲ್ಲಿ ಬಂದಾಗ ಅದರ ತೂಕ ಸುಮಾರು 725 ಕೆಜಿ. ಅಲ್ಯೂಮಿನಿಯಂ ಚಾಸಿ, ಅದನ್ನೂ ಅಂಟು ಹಾಕಿ ಜೋಡಿಸಿದ್ದಾರೆ, ವೆಲ್ಡಿಂಗ್ ಮಾತೇ ಇಲ್ಲ. ಹತ್ತಿ ಇಳಿಯುವುದಕ್ಕೆ ಮಾತ್ರ ಸ್ವಲ್ಪ ಯೋಗಾಭ್ಯಾಸ ಬೇಕು.

ಮೈಸೂರಿನವ:

2,600 ಪೌಂಡಿಗೆ ಎಲೀಸಿನ ಸೀಟು ಸಿಗಬಹುದೇನೋ ಸರ್.

ತೀರ್ಥಹಳ್ಳಿಯವಳು (ಶೆಫೀಲ್ಡ್):

ಎಲೀಸ್ ಆಸೆ ನನಗೂ ಇದೆ, ಅದು ಹಾಗಿರಲಿ. ನನ್ನ ಹತ್ತಿರ ಇರುವುದು ನೀವು ನೋಡಿರುವ ಪೀಳಿಗೆಯದೇ, 2001ರದ್ದು. ಅದೂ ರಸ್ತೆ ಮೇಲೇ ಮಲಗುತ್ತದೆ. ವೆಲ್ಡಿಂಗ್ ಒಂದು ಬಿಟ್ಟು ಉಳಿದ ಕೆಲಸ ಹೆಚ್ಚುಕಮ್ಮಿ ನಾನೇ ಮಾಡಿಕೊಳ್ಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಓದಿ.

ಮೈಲಿ ಲೆಕ್ಕ ನೋಡಿ ಹೆದರಬೇಡಿ. 1989ರಲ್ಲಿ ಶಿಕಾಗೋ ಮೋಟಾರ್ ಶೋನಲ್ಲಿ ಮೊದಲ ಎಂಎಕ್ಸ್-5 ತೋರಿಸಿದಾಗ ಮಾಜ್ದಾದವರ ತಲೆಯಲ್ಲಿದ್ದದ್ದು ಅರವತ್ತರ ದಶಕದ ಬ್ರಿಟಿಷ್ ಎರಡು ಸೀಟಿನ ಗಾಡಿಗಳೇ. ಸಣ್ಣ ಗಾಡಿ, ಹಗುರ ಮೈ, ಮುಂದೆ ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ. ಆದರೆ ಬೆಳಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗಬೇಕು, ಅಷ್ಟೇ ವ್ಯತ್ಯಾಸ. ಅದನ್ನು ಸಾಧಿಸಿದರು. ಎಂಜಿನ್, ಗೇರ್‌ಬಾಕ್ಸ್ ಎರಡೂ ಗಟ್ಟಿ. ಲಕ್ಷ ಮೈಲಿ ದಾಟಿದ್ದು ಎಷ್ಟು ಬೇಕಾದರೂ ಓಡಾಡುತ್ತಿವೆ.

ಈ ಗಾಡಿಯನ್ನು ಗುಜರಿಗೆ ಕಳಿಸುವುದು ನೀರು. ಮಳೆ ನೀರು ಹುಡ್‌ನಿಂದ ಜಾರಿ ಎಲ್ಲಿಗೆ ಹೋಗುತ್ತದೆ ಅನ್ನುವುದು ಗೊತ್ತಾದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ. ಹುಡ್‌ನ ಹಿಂದಿನ ಅಂಚಿನಲ್ಲಿ, ಬಟ್ಟೆಯ ಒಳಗಡೆ ಒಂದು ಪ್ಲಾಸ್ಟಿಕ್ ಕಾಲುವೆ ಇದೆ, ರೇನ್ ರೇಲ್ ಅನ್ನುತ್ತಾರೆ. ಅದು ನೀರನ್ನು ಎರಡೂ ಪಕ್ಕಕ್ಕೆ ತಳ್ಳುತ್ತದೆ. ಸೀಟ್ ಬೆಲ್ಟ್ ಕಂಬದ ಹಿಂದೆ ಎಡಕ್ಕೊಂದು, ಬಲಕ್ಕೊಂದು ತೂತು. ಅಲ್ಲಿಂದ ಕೊಳವೆಯಲ್ಲಿ ಇಳಿದು ಹಿಂದಿನ ಚಕ್ರದ ಸ್ವಲ್ಪ ಮುಂದೆ ನೆಲಕ್ಕೆ ಬೀಳುತ್ತದೆ. ಇಷ್ಟೇ ವ್ಯವಸ್ಥೆ. ಮರದ ಕೆಳಗೆ ನಿಲ್ಲಿಸಿದ ಗಾಡಿಯಲ್ಲಿ ಎಲೆ, ಮಣ್ಣು, ಪಾಚಿ ಸೇರಿ ಆ ತೂತು ಮುಚ್ಚಿಹೋಗುತ್ತದೆ. ಆಮೇಲೆ ನೀರು ಸೀಟಿನ ಹಿಂದಿನ ಕಾರ್ಪೆಟ್‌ಗೆ ಬರುತ್ತದೆ, ಇಲ್ಲವೇ ಬಾಗಿಲ ಕೆಳಗಿನ ಸಿಲ್ ಒಳಗೆ ನಿಲ್ಲುತ್ತದೆ. ಕಾರ್ಪೆಟ್ ಒದ್ದೆಯಾದರೆ ಪುಣ್ಯ, ವಾಸನೆಯಿಂದಲಾದರೂ ಗೊತ್ತಾಗುತ್ತದೆ. ಸಿಲ್ ಒಳಗಿನಿಂದ ಕೊಳೆಯುವುದು ಕಾಣುವುದೇ ಇಲ್ಲ. ಹಿಂದಿನ ಚಕ್ರದ ಮುಂದೆ ಬಣ್ಣ ಗುಳ್ಳೆ ಎದ್ದಿತು ಅಂದರೆ ಒಳಗಿನ ತಗಡು ಆಗಲೇ ಹೋಗಿದೆ ಅಂತ ಲೆಕ್ಕ.

ಊರಲ್ಲಿ ಮಳೆಗಾಲಕ್ಕೆ ಮುಂಚೆ ಹಂಚಿನ ಮೇಲಿನ ತರಗೆಲೆ ಗುಡಿಸುತ್ತೇವಲ್ಲ, ಇದಕ್ಕೂ ಅಷ್ಟೇ ಉಪಚಾರ. ಹುಡ್ ಅರ್ಧ ಎತ್ತಿ. ಸೀಟು ಮುಂದಕ್ಕೆ ಎಳೆದು ಹಿಂದಿನ ಮೂಲೆಗೆ ಕೈ ಹಾಕಿ. ಬೆರಳಿಗೆ ಕೆಸರು ಸಿಗುತ್ತದೆ, ಅದನ್ನು ಬಾಚಿ ತೆಗೆಯಿರಿ. ಹುಲ್ಲು ಕತ್ತರಿಸುವ ಸ್ಟ್ರಿಮ್ಮರಿನ ದಪ್ಪ ನೈಲಾನ್ ದಾರ ಒಂದು ತುಂಡು ತಗೊಂಡು ನಿಧಾನ ಇಳಿಸಿ, ತಿರುಗಿಸುತ್ತಾ. ತಂತಿ ಬೇಡ, ಜೋರಾದ ಗಾಳಿಯೂ ಬೇಡ. ಕೊಳವೆ ಒಳಗೇ ಕಿತ್ತು ಬಂದರೆ ನೀರೆಲ್ಲ ನೇರ ಸಿಲ್‌ಗೆ. ಆಮೇಲೆ ಜಗ್‌ನಲ್ಲಿ ನೀರು ಸುರಿದು, ಬಗ್ಗಿ ನೋಡಿ. ಮೊದಲು ಕಪ್ಪು ರಾಡಿ ಬರುತ್ತದೆ, ಆಮೇಲೆ ತಿಳಿ ನೀರು. ಸುರಿದಷ್ಟೇ ಜೋರಾಗಿ ಕೆಳಗೆ ಬಂದರೆ ಸರಿಯಾಗಿದೆ. ತೊಟ್ಟಿಕ್ಕಿದರೆ ಇನ್ನೂ ಕಟ್ಟಿದೆ. ಎಲೆ ಉದುರುವ ಕಾಲ ಮುಗಿದ ಮೇಲೆ ಒಂದು ಸಲ, ವಸಂತದಲ್ಲಿ ಒಂದು ಸಲ ಮಾಡಿದರೆ ಸಾಕು.

ಎರಡನೇ ಜಾಗ ಮುಂದಿನ ಚಾಸಿ ರೇಲ್. ಈ ಪೀಳಿಗೆಗೆ ಅದೇ ದೊಡ್ಡ ಕಾಯಿಲೆ. ಎಂಜಿನ್‌ನ ಎರಡೂ ಪಕ್ಕ ಹೋಗುವ ಪೆಟ್ಟಿಗೆಯಂಥ ಉಕ್ಕಿನ ತೊಲೆ ಅದು. ತಗಡು ಅಲ್ಲಿ ಎರಡು ಪದರ, ನಡುವೆ ನೀರು ಮತ್ತು ಚಳಿಗಾಲದ ಉಪ್ಪು ಸೇರಿಕೊಳ್ಳುತ್ತದೆ. ಕೆಳಗೆ ಪ್ಲಾಸ್ಟಿಕ್ ತಟ್ಟೆ ಇರುವುದರಿಂದ ಮೇಲಿಂದ ಕಾಣುವುದಿಲ್ಲ. ಟಾರ್ಚ್ ಹಿಡಿದು ಮಲಗಿಯೇ ನೋಡಬೇಕು. ಹೊಸದಾಗಿ ಬಳಿದ ಕಪ್ಪು ಅಂಡರ್‌ಸೀಲ್ (ತುಕ್ಕು ತಡೆಯಲು ಗಾಡಿ ಅಡಿಗೆ ಹಚ್ಚುವ ಲೇಪ) ಕಂಡರೆ ಖುಷಿ ಪಡಬೇಡಿ, ಅನುಮಾನ ಪಡಿ. ಬೆರಳ ಗೆಣ್ಣಿನಿಂದ ತಟ್ಟಿ. ಒಳ್ಳೆ ಉಕ್ಕು ಟಣ್ ಅನ್ನುತ್ತದೆ, ಕೊಳೆತದ್ದು ದಡ್ ಅನ್ನುತ್ತದೆ.

ಹೋಗುವ ಮುಂಚೆ ನಂಬರ್ ಹಾಕಿ ಸರ್ಕಾರದ ವೆಬ್‌ಸೈಟಿನಲ್ಲಿ ಎಂಒಟಿ (ಇಲ್ಲಿ ಹಳೇ ಗಾಡಿಗೆ ಪ್ರತಿ ವರ್ಷ ಮಾಡಿಸುವ ಸುರಕ್ಷತಾ ತಪಾಸಣೆ) ಇತಿಹಾಸ ಓದಿ, ದುಡ್ಡು ಕೊಡಬೇಕಾಗಿಲ್ಲ. ವರ್ಷವರ್ಷದ್ದನ್ನೂ ಓದಿ. "ಕೊರೋಷನ್", ಅಂದರೆ ತುಕ್ಕು, ಅನ್ನುವ ಸೂಚನೆ ಎರಡು ಮೂರು ವರ್ಷ ಸಾಲಾಗಿ ಬಂದು, ಆಮೇಲೆ ಇದ್ದಕ್ಕಿದ್ದಂತೆ ಮಾಯವಾದರೆ, ವೆಲ್ಡಿಂಗ್ ಬಿಲ್ ತೋರಿಸಿ ಅಂತ ಕೇಳಿ. ಸಿಲ್ ಎರಡೂ ಕಡೆ, ಮುಂದಿನ ರೇಲೂ ಸೇರಿದರೆ ಖರ್ಚು ಗಾಡಿಯ ಬೆಲೆಯನ್ನೇ ಮುಟ್ಟಬಹುದು. ಪೇಂಟ್ ಮಾಸಿದ್ದು, ಸೀಟು ಹರಿದದ್ದು, ಹುಡ್ ಹಳೆಯದಾಗಿದ್ದು ಯಾವುದೂ ಲೆಕ್ಕಕ್ಕೇ ಇಲ್ಲ.

ಉಳಿದದ್ದು ಸುಲಭ. ಎಂಜಿನ್‌ನ ವಾಲ್ವ್‌ಗಳನ್ನು ನಡೆಸುವ ಕ್ಯಾಮ್ ಬೆಲ್ಟ್ 60 ಸಾವಿರ ಮೈಲಿಗೆ ಬದಲಾಗಿರಬೇಕು, ರಸೀದಿ ಕೇಳಿ. ಕ್ಲಚ್ ಪೆಡಲ್ ನೆಲಕ್ಕೆ ಹೋದರೆ ಗಾಬರಿಯಾಗಬೇಡಿ, ಬಹುಪಾಲು ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರ್, ಅಗ್ಗದ ಸಾಮಾನು. ಗಾಡಿ ಸುಮ್ನೆ ನಿಂತರೆ ಹಿಂದಿನ ಬ್ರೇಕ್ ಕ್ಯಾಲಿಪರ್ ಹಿಡಿದುಕೊಳ್ಳುತ್ತದೆ, ಅದಕ್ಕೇ ಚಳಿಗಾಲದಲ್ಲೂ ಒಣ ದಿನ ನೋಡಿ ಒಂದು ಸುತ್ತು ಹೋಗಿಬನ್ನಿ. ಬ್ಯಾಟರಿ ಇರುವುದು ಡಿಕ್ಕಿಯಲ್ಲಿ. ಆವಿ ಹೊರಗೆ ಹೋಗುವ ಕೊಳವೆ ಇರುವಂಥದ್ದನ್ನೇ ಹಾಕಬೇಕು, ಇಲ್ಲದಿದ್ದರೆ ಡಿಕ್ಕಿ ತಗಡನ್ನು ತಿನ್ನುತ್ತದೆ. ಇನ್ನೊಂದು, ಟೈರ್ ಗಾಳಿ. ಇದಕ್ಕೆ 26 ಪಿಎಸ್‌ಐ. ಟೈರ್ ಅಂಗಡಿಯವರು ಅಭ್ಯಾಸಬಲದಿಂದ 32, 34 ಹೊಡೆದು ಕಳಿಸುತ್ತಾರೆ. ಒಂದು ಟನ್ ಆಸುಪಾಸಿನ ಗಾಡಿ, ಅಷ್ಟು ಗಾಳಿ ತುಂಬಿದರೆ ಗುಂಡಿಗುಂಡಿಗೂ ಹಾರುತ್ತದೆ. "ಈ ಕಾರು ಚೆನ್ನಾಗಿ ಓಡಲ್ಲ" ಅಂತ ಮಾರಲು ಹೊರಟಿದ್ದ ಒಬ್ಬರದ್ದು ಬರೀ ಗಾಳಿ ಇಳಿಸಿದ್ದಕ್ಕೇ ಸರಿಹೋಯಿತು.

ಹುಡ್ ಸೋರುತ್ತದಾ ಅಂದಿರಿ. ಒಳ್ಳೆ ಸ್ಥಿತಿಯಲ್ಲಿದ್ದರೆ ಇಲ್ಲ. 2003ರದ್ದಾದ್ದರಿಂದ ಹಿಂದೆ ಗಾಜಿನ ಕಿಟಕಿ ಇದೆ, ಬಚಾವಾದಿರಿ. ಮೊದಲ ಪೀಳಿಗೆಯಲ್ಲಿ ಪ್ಲಾಸ್ಟಿಕ್ ಕಿಟಕಿ. ಹುಡ್ ಇಳಿಸುವ ಮುಂಚೆ ಜಿಪ್ ಬಿಚ್ಚಿ ಅದನ್ನು ಮಲಗಿಸಬೇಕಿತ್ತು. ಚಳಿಯಲ್ಲಿ ಮಡಚಿದರೆ ಪಟ್ ಅಂತ ಬಿರುಕು.

ನಿಮ್ಮ ಮನೆಯವರಿಗೆ ಒಂದು ಮಾತು ಹೇಳಿ. ಸಣ್ಣ ತುಂತುರಿಗೆ ಹುಡ್ ಹಾಕಬೇಕಾಗಿಲ್ಲ. 50 ಮೈಲಿ ವೇಗದಲ್ಲಿದ್ದರೆ ಹನಿಗಳು ಮುಂದಿನ ಗಾಜಿನಿಂದ ಹಾರಿ ತಲೆ ಮೇಲೇ ಹೋಗುತ್ತವೆ. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ನೆನೆಯುತ್ತೀರಿ, ಪಕ್ಕದ ಬಸ್ಸಿನವರು ನೋಡಿ ನಗುತ್ತಾರೆ. ಎರಡು ಕ್ಲಿಪ್ ಹಾಕಿದರೆ ಹುಡ್ ಮುಚ್ಚಿತು, ಸೀಟಿನಿಂದ ಏಳಬೇಕಾಗಿಲ್ಲ.

ಲಗೇಜ್ ಬಗ್ಗೆ ಸುಳ್ಳು ಹೇಳುವುದಿಲ್ಲ. ಡಿಕ್ಕಿ 144 ಲೀಟರ್, ಅಷ್ಟೇ. ಗಟ್ಟಿ ಸೂಟ್‌ಕೇಸ್ ಮರೆತುಬಿಡಿ. ತಲಾ ಒಂದು ಮೆತ್ತನೆ ಬ್ಯಾಗ್, ನಡುವಿನ ಸಂದಿಯಲ್ಲಿ ಚಪ್ಪಲಿ, ಒಂದು ಡಬ್ಬಿ ಪುಳಿಯೋಗರೆ. ಜಾಕೆಟ್ ಮೈಮೇಲೇ ಇರಲಿ. ಜೂನ್‌ನಲ್ಲೂ ಬೇಕಾಗುತ್ತದೆ. ಹೀಟರ್ ಕಾಲಿಗೆ ಬಿಟ್ಟು ಹುಡ್ ಇಳಿಸಿ ಹೋಗುವುದೇ ಇದರ ಮಜಾ.

ವೇಲ್ಸ್‌ನಲ್ಲಿ ಮೊದಲು ರೇಯಡರ್ ಅನ್ನುವ ಊರಿಗೆ ಹೋಗಿ. ಅಲ್ಲಿಂದ ಎಲಾನ್ ವ್ಯಾಲಿ. ಬರ್ಮಿಂಗ್‌ಹ್ಯಾಮ್‌ಗೆ ನೀರು ಕೊಡುವುದಕ್ಕೆ ಕಟ್ಟಿದ ಕಲ್ಲಿನ ಅಣೆಕಟ್ಟುಗಳು, 1904ರಲ್ಲಿ ಉದ್ಘಾಟನೆಯಾದವು. ಮಳೆ ಬಂದ ಮರುದಿನ ಹೋದರೆ ನೀರು ಮೇಲಿಂದ ಧುಮುಕುತ್ತಿರುತ್ತದೆ, ಹುಡ್ ಇಳಿಸಿದ್ದರೆ ತುಂತುರು ಮುಖಕ್ಕೇ ಬರುತ್ತದೆ. ಅಲ್ಲಿಂದ ಕುಮುಸ್ಟ್‌ವಿತ್ ಕಡೆಗೆ ಗುಡ್ಡದ ಮೇಲಿನ ರಸ್ತೆ. ಬೇಲಿ ಇಲ್ಲ, ಕುರಿಗಳು ರಸ್ತೆ ಮಧ್ಯೆಯೇ ಮಲಗಿರುತ್ತವೆ. ಹಾರ್ನ್‌ಗೆ ಕ್ಯಾರೇ ಅನ್ನುವುದಿಲ್ಲ, ಅವಾಗಿ ಏಳಬೇಕು. ದಕ್ಷಿಣಕ್ಕೆ ಬಂದರೆ ಎ4069, ಲಾಂಗಡಾಗ್‌ನಿಂದ ಬ್ರಿನಾಮನ್‌ವರೆಗೆ ಬ್ಲ್ಯಾಕ್ ಮೌಂಟನ್ ದಾಟುವ ದಾರಿ. ತೀರ್ಥಹಳ್ಳಿಯವಳಾಗಿ ಹೇಳುತ್ತೇನೆ, ಆಗುಂಬೆ ಘಾಟಿಯಷ್ಟು ಬಿಗಿ ತಿರುವು ಅಲ್ಲಿಲ್ಲ. ಆದರೆ ಮರಗಳಿಲ್ಲದ್ದರಿಂದ ಮುಂದಿನ ಮೂರು ತಿರುವು ಒಟ್ಟಿಗೇ ಕಾಣುತ್ತವೆ. ಎದುರಿಗೆ ಯಾರಿಲ್ಲ ಅಂತ ಮೊದಲೇ ಗೊತ್ತಾಗುತ್ತದೆ. ಇಷ್ಟು ಶಕ್ತಿಯ ಗಾಡಿಗೆ ಅದು ಹೇಳಿ ಮಾಡಿಸಿದ ರಸ್ತೆ. ಎರಡನೇ ಗೇರ್, ಮೂರನೇ ಗೇರ್, ಮತ್ತೆ ಎರಡನೇ ಗೇರ್, ಎಲ್ಲ ಕಾನೂನಿನ ಒಳಗೇ.

ಊರೊಳಗೆ ಮಾತ್ರ ಹುಷಾರು. 2023ರ ಸೆಪ್ಟೆಂಬರ್‌ನಿಂದ ವೇಲ್ಸ್‌ನ ಊರು ರಸ್ತೆಗಳಲ್ಲಿ ಸಾಮಾನ್ಯವಾಗಿ 20 ಮೈಲಿ ಮಿತಿ.

ಹ್ಯಾರೋ ಹುಡುಗ:

ಯೂಲೆಜ್ ಬಗ್ಗೆ ನಾನು ಹೇಳುತ್ತೇನೆ. 2023ರ ಆಗಸ್ಟ್ 29ರಿಂದ ಲಂಡನ್‌ನ ಎಲ್ಲಾ ಬರೋಗಳೂ (ನಗರದ ಆಡಳಿತ ವಿಭಾಗಗಳು) ಅದರೊಳಗೆ ಬಂದಿವೆ, ಹ್ಯಾರೋ ಸೇರಿ. ಪೆಟ್ರೋಲ್ ಗಾಡಿ ಹೊಗೆಯ ಯೂರೋ 4 ಮಾನದಂಡ ಮುಟ್ಟಿರಬೇಕು. ಇಲ್ಲದಿದ್ದರೆ ದಿನಕ್ಕೆ 12.50 ಪೌಂಡ್. ಸಾಮಾನ್ಯವಾಗಿ 2006ರಿಂದ ಈಚಿನವು ಪಾಸ್. ಆದರೆ ಅದಕ್ಕೂ ಹಳೆಯ ಕೆಲವು ಗಾಡಿ ಪಾಸಾಗುತ್ತವೆ, ಒಂದೇ ಮಾಡೆಲ್‌ನಲ್ಲಿ ಒಂದು ಪಾಸ್, ಇನ್ನೊಂದು ಫೇಲ್ ಇರಬಹುದು. ವರ್ಷ ನೋಡಿ ತೀರ್ಮಾನ ಮಾಡಬೇಡಿ, ಲಂಡನ್ ಸಾರಿಗೆ ಸಂಸ್ಥೆ ಟಿಎಫ್‌ಎಲ್‌ನ ಸೈಟಿನಲ್ಲಿ ಆ ಗಾಡಿಯ ನಂಬರ್ ಹಾಕಿ. ಲೆಕ್ಕ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ಶನಿವಾರ ಬಂದು ಅಕ್ಕನ ಮನೆಯಲ್ಲಿ ಮಲಗಿ ಭಾನುವಾರ ಹೊರಟರೆ ಎರಡು ದಿನದ ದುಡ್ಡು. ರೈಲಿಗೆ ಬನ್ನಿ, ಅಕ್ಕ ಬೇಜಾರು ಮಾಡಿಕೊಳ್ಳಲ್ಲ.

ಬಸವನಗುಡಿಯಿಂದ:

ಓದಿ ಹೊಟ್ಟೆ ಉರಿಯಿತು. ಆರು ತಿಂಗಳಲ್ಲಿ ವಾಪಸ್ ಬರುವವರು ಯಾರಾದರೂ ಇದ್ದರೆ ಒಂದು ಜೊತೆಗೆ ತರುತ್ತೀರಾ?

ತೀರ್ಥಹಳ್ಳಿಯವಳು:

ಆಗಲ್ಲ ಸರ್. ಬಳಸಿದ ಗಾಡಿ ಭಾರತಕ್ಕೆ ತರಬೇಕಾದರೆ ತಯಾರಾಗಿ ಮೂರು ವರ್ಷಕ್ಕಿಂತ ಹಳೆಯದಿರಬಾರದು. ಸುಂಕ ಬೇರೆ. ಇಲ್ಲಿಗೇ ಬನ್ನಿ, ಒಂದು ಭಾನುವಾರ ಶೆಫೀಲ್ಡ್ ಪಕ್ಕದ ಗುಡ್ಡದ ರಸ್ತೆ ಸ್ನೇಕ್ ಪಾಸ್ ಮೇಲೆ ಕರೆದುಕೊಂಡು ಹೋಗುತ್ತೇನೆ.

ಮೈಸೂರಿನವ:

ಅಕ್ಕ, ತುಂಬಾ ಉಪಕಾರ ಆಯಿತು. ನೀಲಿ ಗಾಡಿ ನೋಡಿ ಬಂದೆ. ಮುಂದಿನ ರೇಲ್‌ಗೆ ಕಪ್ಪು ಬಣ್ಣ ಹೊಸದಾಗಿ ಬಳಿದಿದ್ದರು, ತಟ್ಟಿದರೆ ದಡ್ ಅಂದಿತು. ಮಾರುವವರು ಮಾತು ಬದಲಿಸಿ ಸ್ಟೀರಿಯೋ ತೋರಿಸಲು ಶುರು ಮಾಡಿದರು. ಕೈ ಮುಗಿದು ಬಂದೆ.

ಬೆಡ್‌ಫರ್ಡ್‌ನಲ್ಲಿ ಇನ್ನೊಂದು ಇದೆ. 2002, ಬೆಳ್ಳಿ ಬಣ್ಣ, 96 ಸಾವಿರ ಮೈಲಿ, 1,900 ಪೌಂಡ್. ಹುಡ್ ಮೂಲೆಯಲ್ಲಿ ಹರಿದಿದೆ, ಟೇಪ್ ಹಾಕಿದ್ದಾರೆ. ಪೇಂಟ್ ಮಾಸಿದೆ. ಆದರೆ ಸಿಲ್ ಟಣ್ ಅನ್ನುತ್ತದೆ, ಕೆಳಗೆಲ್ಲ ಒಣಗಿದೆ, ಬೆಲ್ಟ್ ಬದಲಿಸಿದ ರಸೀದಿಯೂ ಇದೆ. ಹೆಂಡತಿ ಕೂತು ನೋಡಿದಳು, ಇಳಿಯುವಾಗ "ಇದಕ್ಕೆ ಟೋಪಿ ಎಂಥದ್ದು ಹಾಕಬೇಕು" ಅಂದಳು. ತಗೊಳ್ಳಲಾ?

ತೀರ್ಥಹಳ್ಳಿಯವಳು:

ಯೋಚನೆ ಮಾಡುವುದೇನಿದೆ, ಅದನ್ನೇ ತಗೊಳ್ಳಿ. ಹರಿದ ಹುಡ್ ತೋರಿಸಿ ಬೆಲೆ ಇಳಿಸಿ. ಹೊಸದು ಹಾಕಿಸುವಾಗ ದುಬಾರಿ ಬಟ್ಟೆ ಬೇಡ, ರಸ್ತೆಯಲ್ಲಿ ನಿಲ್ಲುವ ಗಾಡಿಗೆ ವಿನೈಲ್ ಸಾಕು, ಆದರೆ ಗಾಜಿನ ಕಿಟಕಿ ಇರುವುದೇ ಆಗಲಿ. ರೇನ್ ರೇಲ್ ಹಳೆಯದನ್ನೇ ಮತ್ತೆ ಕೂರಿಸಲು ನೋಡುತ್ತಾರೆ, ಒಪ್ಪಬೇಡಿ. ಬಿಚ್ಚುವಾಗ ಅದು ಸೀಳುವುದೇ ಜಾಸ್ತಿ. ಹುಡ್ ಜೊತೆಗೇ ಹೊಸದು ಹಾಕಿಸಿ, ಇಲ್ಲಾಂದ್ರೆ ಎಲ್ಲಾ ಮತ್ತೆ ಬಿಚ್ಚಬೇಕಾಗುತ್ತದೆ. ಟೋಪಿ ಬಿಗಿಯಾಗಿ ಕೂರುವಂಥದ್ದು ತಗೊಳ್ಳಲು ಹೇಳಿ, ಕಿವಿ ಮುಚ್ಚಬೇಕು.