ಯುಕೆಜಿ ಇನ್ನೊಂದು ವರ್ಷವಾ, ಒಂದನೇ ಕ್ಲಾಸಾ?

ಹಾಸನದ ತಾಯಿ:
ಮಗಳಿಗೆ ಜೂನ್ 1ಕ್ಕೆ ಆರು ತುಂಬುತ್ತೆ. ಯುಕೆಜಿ ಮುಗೀತು. ಶಾಲೆಯವರು "ಲೆಕ್ಕದಲ್ಲಿ ಸ್ಲೋ, ಇನ್ನೊಂದು ವರ್ಷ ಯುಕೆಜಿಯಲ್ಲೇ ಇರ್ಲಿ" ಅಂತಿದ್ದಾರೆ. ನೂರರ ತನಕ ಬಾಯಲ್ಲೂ ಹೇಳ್ತಾಳೆ, ಬರೀತಾಳೆ ಕೂಡ. ಆದ್ರೆ ನಿನ್ನೆ ಹುಣಸೆಬೀಜ ಆರಾರು ಎರಡು ಸಾಲಾಗಿ ಎದುರುಬದುರು ಇಟ್ಟೆ. "ಎರಡೂ ಒಂದೇ" ಅಂದ್ಲು. ಅವಳು ನೋಡ್ತಿದ್ದ ಹಾಗೇ ಒಂದು ಸಾಲನ್ನ ಅಗಲಿಸಿದೆ. "ಇದ್ರಲ್ಲಿ ಜಾಸ್ತಿ" ಅಂದ್ಲು. ಎಣಿಸಿದ್ಲು, ಎರಡರಲ್ಲೂ ಆರು ಬಂತು, ಆದ್ರೂ ಅಗಲದ ಸಾಲನ್ನೇ ತೋರಿಸಿದ್ಲು. ಶಾಲೆಯವರು ಹೇಳಿದ್ದು ನಿಜಾನಾ? ಟ್ಯೂಷನ್‌ಗೆ ಹಾಕ್ಲಾ?

ಟಿಇಟಿ ಓದ್ತಿರೋಳು, ಚನ್ನರಾಯಪಟ್ಟಣ:
ಅಕ್ಕ, ಗಾಬರಿ ಬೇಡ. ನೀವು ಮನೇಲಿ ಮಾಡಿದ್ದು ಮಕ್ಕಳ ಯೋಚನೆ ಹೇಗೆ ಬೆಳೆಯುತ್ತೆ ಅಂತ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಾಡಿದ ಪ್ರಯೋಗವೇ. ಅವರ ಪ್ರಕಾರ ಎರಡರಿಂದ ಏಳು ವರ್ಷ ಕಾರ್ಯಪೂರ್ವ ಹಂತ. ಆಗ ಮಗು ಕಣ್ಣಿಗೆ ಎದ್ದು ಕಾಣೋ ಒಂದೇ ಅಂಶ ಹಿಡ್ಕೊಳುತ್ತೆ. ಉದ್ದ ಕಂಡ್ರೆ ಉದ್ದ ಅಷ್ಟೇ, ನಡುವಿನ ಸಂದು ಲೆಕ್ಕಕ್ಕೆ ಬರಲ್ಲ. ಗಿಡ್ಡ ಲೋಟದ ನೀರನ್ನ ಉದ್ದ ಲೋಟಕ್ಕೆ ಸುರಿದ್ರೂ ನೀರು ಜಾಸ್ತಿಯಾಯ್ತು ಅನ್ನುತ್ತೆ. ಏಳರ ಹೊತ್ತಿಗೆ ಮೂರ್ತ ಕಾರ್ಯಗಳ ಹಂತಕ್ಕೆ, ಅಂದ್ರೆ ಕಣ್ಣೆದುರಿನ ವಸ್ತುಗಳ ಬಗ್ಗೆ ತರ್ಕದಿಂದ ಯೋಚಿಸೋ ಹಂತಕ್ಕೆ ಬಂದ್ರೆ ತಾನೇ ಸರಿಹೋಗುತ್ತೆ. ನಮ್ಮ ಟಿಇಟಿ, ಅಂದ್ರೆ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ 150 ಅಂಕದಲ್ಲಿ 30 ಶಿಶು ವಿಕಾಸಕ್ಕೇ ಇದೆ, ಇದು ಪ್ರತಿ ಸಲ ಬರುತ್ತೆ.

ಅರಸೀಕೆರೆ ಅಪ್ಪ:
ಏಳರ ತನಕ ತಾನೇ ಸರಿಹೋಗುತ್ತೆ ಅಂದ್ರೆ, ಶಾಲೆಯವರು ಇನ್ನೊಂದು ವರ್ಷ ನಿಲ್ಲಿಸಿ ಅಂದದ್ದೂ ಸರಿಯೇ ಆಯ್ತಲ್ಲ? ಬುನಾದಿ ಗಟ್ಟಿ ಆಗ್ಲಿ ಬಿಡಿ. ಇಲ್ಲಾಂದ್ರೆ ಒಂದನೇ ಕ್ಲಾಸಲ್ಲಿ ಕೂಡೋದು ಕಳೆಯೋದು ಶುರುವಾದಾಗ ಮಗು ಒದ್ದಾಡುತ್ತೆ. ನಾನು ನನ್ನ ಮಗನಿಗೆ ದಿನಾ ಎರಡು ಪುಟ ಬರೆಸ್ತೀನಿ, ಅವನಿಗೆ ತೊಂದರೆ ಆಗಿಲ್ಲ.

ನಲಿ-ಕಲಿ ಟೀಚರ್, ಸಕಲೇಶಪುರ:
ನಿಮ್ಮ ಪ್ರಶ್ನೆ ನ್ಯಾಯವಾಗಿದೆ ಸಾರ್. ಪಿಯಾಜೆ ಒಬ್ಬರನ್ನೇ ಹಿಡಿದ್ರೆ "ಕಾಯಿರಿ" ಅನ್ನೋ ಉತ್ತರವೇ ಸಿಗೋದು. ಆದ್ರೆ 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಅನ್ನೋ ಸಂಶೋಧಕರು ಇದೇ ಸಾಲುಗಳ ಪ್ರಯೋಗವನ್ನ ಸ್ವಲ್ಪ ಬದಲಿಸಿ ಮಾಡಿದ್ರು. ಸಾಲು ಕೆಡಿಸಿದ್ದು ದೊಡ್ಡವರಲ್ಲ, ಒಂದು ತುಂಟ ಟೆಡ್ಡಿ ಗೊಂಬೆ. ಆಗ ನಾಲ್ಕರಿಂದ ಆರು ವರ್ಷದ ಎಷ್ಟೋ ಹೆಚ್ಚು ಮಕ್ಕಳು "ಎರಡೂ ಒಂದೇ" ಅಂದ್ವು. ಅಮ್ಮನೇ ಬೇಕಂತ ಸಾಲು ಬದಲಿಸಿ, ಕೇಳಿದ್ದನ್ನೇ ಮತ್ತೆ ಕೇಳಿದ್ರೆ ಮಗು ಏನಂದ್ಕೊಳುತ್ತೆ? ಅಮ್ಮನಿಗೆ ಬೇರೆ ಉತ್ತರ ಬೇಕು ಅಂದ್ಕೊಳುತ್ತೆ. ಪಿಯಾಜೆ ತೋರಿಸಿದ ತಪ್ಪು ನಿಜ, ವಯಸ್ಸಿನ ಗೆರೆ ಮಾತ್ರ ಅಷ್ಟು ಗಟ್ಟಿ ಅಲ್ಲ.

ಇನ್ನು ಕಾಯೋದರ ಬಗ್ಗೆ. ಪಿಯಾಜೆ ಹುಟ್ಟಿದ 1896ರಲ್ಲೇ ಆಗಿನ ರಷ್ಯಾ ಸಾಮ್ರಾಜ್ಯದಲ್ಲಿ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ ಹುಟ್ಟಿದ್ರು, 37ಕ್ಕೇ ತೀರಿಹೋದ್ರು. ಬೆಳವಣಿಗೆ ಆಗ್ಲಿ, ಆಮೇಲೆ ಕಲಿಸೋಣ ಅನ್ನೋದನ್ನ ಅವರು ಒಪ್ಪಲಿಲ್ಲ. ಮಗು ಒಂಟಿಯಾಗಿ ಮಾಡಬಲ್ಲದ್ದು ಒಂದು, ಬಲ್ಲವರು ಜತೆಗಿದ್ರೆ ಮಾಡಬಲ್ಲದ್ದು ಇನ್ನೊಂದು. ಕಲಿಸಬೇಕಾದ್ದು ಆ ಎರಡರ ನಡುವಿನ ಜಾಗದಲ್ಲಿ. ನಮ್ಮ ಸರ್ಕಾರಿ ಶಾಲೆಗಳ ಚಟುವಟಿಕೆ ಕಲಿಕೆ ನಲಿ-ಕಲಿಯಲ್ಲಿ ಮಕ್ಕಳು ಗುಂಪು ಗುಂಪಾಗಿ ಕೂರೋದೂ ಹೀಗೇ: ಒಂದು ಗುಂಪಿಗೆ ಟೀಚರ್ ಪೂರ್ತಿ ಸಹಾಯ, ಇನ್ನೊಂದಕ್ಕೆ ಗೆಳೆಯರ ಸಹಾಯ, ಕೊನೆಗೆ ತಾನೇ ಕಲಿಯೋದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು ಇದು. ಕಾಫಿ ಕೊಯ್ಲಿನ ಟೈಮಲ್ಲಿ ನಮ್ಮಲ್ಲಿ ತೋಟದ ಕೂಲಿಯವರ ಲೈನ್ ಮನೆ ಮಕ್ಕಳು ವಾರಗಟ್ಟಲೆ ಬರಲ್ಲ. ವಾಪಸ್ ಬಂದವರು ಬಿಟ್ಟ ಕಲಿಕೆ ಕಾರ್ಡ್‌ನಿಂದಲೇ ಮುಂದುವರಿಸ್ತಾರೆ, ಯಾರನ್ನೂ ಸ್ಲೋ ಅನ್ನೋ ಪ್ರಸಂಗವೇ ಬರಲ್ಲ.

ಅರಸೀಕೆರೆ ಅಪ್ಪ:
ನಡುವಿನ ಜಾಗ ಅಂದ್ರೆ ನಾನು ಬರೆಸೋದೂ ಅದೇ ಅಲ್ವಾ ಮೇಡಂ? ಪಕ್ಕದಲ್ಲೇ ಕೂತು ಬರೆಸ್ತೀನಿ.

ನಲಿ-ಕಲಿ ಟೀಚರ್, ಸಕಲೇಶಪುರ:
ಪಕ್ಕದಲ್ಲಿ ಕೂರೋದು ದೊಡ್ಡ ವಿಷಯ, ಅದನ್ನ ಬಿಡಬೇಡಿ. ಆದ್ರೆ ಅವನಿಗೆ ಆಗಲೇ ಬರೋದನ್ನ ನೂರು ಸಲ ಬರೆಸಿದ್ರೆ ಅದು ಆ ಜಾಗ ಅಲ್ಲ. 1976ರಲ್ಲಿ ವುಡ್, ಬ್ರೂನರ್, ರಾಸ್ ಅನ್ನೋ ಸಂಶೋಧಕರು ಮೂರರಿಂದ ಐದು ವರ್ಷದ ಮಕ್ಕಳ ಕೈಲಿ ಮರದ ತುಂಡುಗಳ ಗೋಪುರ ಕಟ್ಟಿಸಿ ನೋಡಿದ್ರು. ಮಗು ತಡವರಿಸಿದಾಗ ಸ್ವಲ್ಪ ಕೈ ಕೊಡೋದು, ದಾರಿಗೆ ಬಂದಾಗ ಕೈ ತೆಗೆಯೋದು. ಸ್ಕ್ಯಾಫೋಲ್ಡಿಂಗ್ ಅನ್ನೋ ಹೆಸರು ಆ ಲೇಖನದಿಂದಲೇ ಬಳಕೆಗೆ ಬಂತು. ಇವತ್ತು ರಾತ್ರಿ ಚೌಕಾಬಾರ ಹಾಸಿ. ಕವಡೆ ಬಿದ್ದಷ್ಟು ಮನೆ ನಡೆಸುವಾಗ ಮಗು ನಿಂತಿರೋ ಮನೆಯನ್ನೇ ಒಂದು ಅಂತ ಎಣಿಸುತ್ತಾ ನೋಡಿ. ಎಣಿಸಿದ್ರೆ ಬೈಬೇಡಿ, ನಿಮ್ಮ ಕಾಯಿಯನ್ನ ಜೋರಾಗಿ ಎಣಿಸ್ತಾ ನಡೆಸಿ ತೋರಿಸಿ.

ನಿವೃತ್ತ ಮೇಷ್ಟ್ರು, ಬೇಲೂರು:
ನನಗೆ ಸಂಕಟವಾಗಿದ್ದು "ಸ್ಲೋ" ಅನ್ನೋ ಮಾತಿಗೆ. ಆರರಿಂದ ಹನ್ನೆರಡರ ತನಕ ಮಗುವಿನೊಳಗೆ ಶ್ರಮಶೀಲತೆಗೂ ಕೀಳರಿಮೆಗೂ ಜಗ್ಗಾಟ ಅಂತ ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಹೇಳಿದ್ದು. "ನನ್ನ ಕೈಲಿ ಆಗುತ್ತೆ" ಅನ್ನೋದು ಕೂತುಬಿಟ್ರೆ ಮುಂದಿನದು ಹಗುರ. ಆ ವಯಸ್ಸಿನ ಬಾಗಿಲಲ್ಲೇ ಅವಳ ಗೆಳತಿಯರನ್ನೆಲ್ಲ ಮುಂದೆ ಕಳಿಸಿ ಅವಳೊಬ್ಬಳನ್ನ ನಿಲ್ಲಿಸಿದ್ರೆ ಅವಳು ಕಲಿಯೋ ಮೊದಲ ಪಾಠ ಯಾವುದು?

ಇನ್ನೊಂದು ಮಾತು. ಬ್ರೆಜಿಲ್‌ನ ರೆಸಿಫೆಯಲ್ಲಿ ಬೀದಿ ವ್ಯಾಪಾರ ಮಾಡ್ತಿದ್ದ ಮಕ್ಕಳನ್ನ ಸಂಶೋಧಕರು ಮಾತಾಡಿಸಿದ್ರು, 1985ರಲ್ಲಿ ಅಚ್ಚಾಯ್ತು. ವ್ಯಾಪಾರದಲ್ಲಿ ನೂರಕ್ಕೆ 98 ಲೆಕ್ಕ ಸರಿ. ಅದೇ ಲೆಕ್ಕವನ್ನ ಶಾಲೆಯ ಥರ ಅಂಕಿಯಲ್ಲಿ ಕೊಟ್ಟಾಗ 37ರ ಆಸುಪಾಸು. ನಮ್ಮ ಸಂತೆಯಲ್ಲಿ ಸೊಪ್ಪು ಮಾರೋ ಹುಡುಗನೂ ಚಿಲ್ಲರೆ ತಪ್ಪದೆ ಕೊಡ್ತಾನೆ, ಹಲಗೆ ಮುಂದೆ ಮೂಕನಾಗ್ತಾನೆ. ಮಗುವಿಗೆ ಲೆಕ್ಕ ಬರಲ್ಲ ಅನ್ನೋ ಮುಂಚೆ ಎಲ್ಲಿ ಕೇಳಿದ್ದು, ಹೇಗೆ ಕೇಳಿದ್ದು ಅಂತ ನೋಡ್ಬೇಕಮ್ಮ.

ಟಿಇಟಿ ಓದ್ತಿರೋಳು, ಚನ್ನರಾಯಪಟ್ಟಣ:
ಮೇಷ್ಟ್ರೇ, ಪರೀಕ್ಷೆಯಲ್ಲಿ ನಾನು ಏಳು ವರ್ಷ ಅಂತಲೇ ಬರೀಬೇಕು. ಕ್ಲಾಸ್‌ರೂಮಿಗೆ ಹೋದಾಗ ಈ ಟೆಡ್ಡಿ ಪ್ರಯೋಗ ಖಂಡಿತ ಮಾಡಿ ನೋಡ್ತೀನಿ.

ಹಾಸನದ ತಾಯಿ:
ಹಾಗಾದ್ರೆ ಶಾಲೆಯವರಿಗೆ ಏನಂತ ಹೇಳ್ಲಿ?

ನಲಿ-ಕಲಿ ಟೀಚರ್, ಸಕಲೇಶಪುರ:
ವಯಸ್ಸಿನ ತಕರಾರೇ ಇಲ್ಲ ನೋಡಿ. 2025-26ಕ್ಕೆ ಸರ್ಕಾರ ಯುಕೆಜಿ ಮುಗಿಸಿದವರಿಗೆ ಒಂದನೇ ಕ್ಲಾಸಿನ ವಯಸ್ಸನ್ನ 5 ವರ್ಷ 5 ತಿಂಗಳಿಗೇ ಸಡಿಲಿಸಿತ್ತು, ನಿಮ್ಮ ಮಗಳಿಗೆ ಪೂರ್ತಿ ಆರು. ಒಂದನೇ ಕ್ಲಾಸಿಗೇ ಕೇಳಿ. ಯಾವುದರಲ್ಲಿ ಸ್ಲೋ, ಏನು ಕೊಟ್ಟು ನೋಡಿದ್ರು ಅಂತಲೂ ಕೇಳಿ. ಬರವಣಿಗೆಯ ಹಾಳೆ ಬಿಟ್ಟು ಬೇರೇನೂ ತೋರಿಸದಿದ್ರೆ ಒಪ್ಪಬೇಡಿ. ಟ್ಯೂಷನ್ ಬೇಡ.

ಅರಸೀಕೆರೆ ಅಪ್ಪ:
ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. ನಲವತ್ತು ಮಕ್ಕಳಿರೋ ಖಾಸಗಿ ಶಾಲೆಯ ಒಂದನೇ ಕ್ಲಾಸಲ್ಲಿ ಯಾರು ಒಬ್ಬೊಬ್ಬರ ಪಕ್ಕ ಕೂರ್ತಾರೆ? ಸೇರಿಸೋದಾದ್ರೆ ಮೊದಲು ಆ ಕ್ಲಾಸ್ ಟೀಚರ್‌ನ ಮಾತಾಡಿಸಿ ಅಕ್ಕ, ಆಮೇಲೆ ಫೀಸ್ ಕಟ್ಟಿ.